ಕಡಲು ಬಲಗಡೆಗಿತ್ತು

ಕಳೆದ ಚಳಿಗಾಲದಲ್ಲಿ ಒಂದು ತಿಂಗಳ ಕಾಲ ನಾನು ಹತ್ತು ಕಿಲೋ ಕುಚ್ಚಲಕ್ಕಿಯನ್ನು ಬೆನ್ನಿಗೆ ಹೊತ್ತುಕೊಂಡು ದೋಹಾದ ಬಿನ್ ಒಮ್ರಾನ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಅಕ್ಕಿ ಇದ್ದದ್ದು ಮಗಳ ಹಳೆಯ ಶಾಲೆಯ ಚೀಲದಲ್ಲಿ. ಕೆಳಗಿನ ಮನೆಯ ಮಲಯಾಳಿ ಚೇಚಿ ಮೊದಲ ದಿನ ನೋಡಿ ನಕ್ಕರು. ಎರಡನೆಯ ದಿನ ಲಿಫ್ಟ್ ಕೆಟ್ಟಿದೆಯೇ ಎಂದು ಕೇಳಿದರು. ಮೂರನೆಯ ದಿನ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದರು. ಇವರು ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, "ಅವಳು ಆಸ್ಟ್ರೇಲಿಯಾಕ್ಕೆ ನಡೆದುಕೊಂಡು ಹೋಗ್ತಾಳೆ" ಎಂದರಂತೆ.

ನಡೆಯಬೇಕಾಗಿದ್ದದ್ದು ಆಸ್ಟ್ರೇಲಿಯಾಕ್ಕಲ್ಲ, ಆಸ್ಟ್ರೇಲಿಯಾದ ಒಳಗೆ. ನಮ್ಮ ಒಬ್ಬಳೇ ಮಗಳು ಅಲ್ಲಿ ಓದಿ, ಅಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಾಳೆ. ಅವಳೂ ನಾಲ್ಕು ಮಂದಿ ಗೆಳತಿಯರೂ ಸೇರಿ, ಆ ದೇಶದ ನಟ್ಟನಡುವೆ ಇರುವ ಕೆಂಪು ಮರುಭೂಮಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಆರು ದಿನ ನಡೆಯುವುದೆಂದು ನಿಶ್ಚಯ ಮಾಡಿದ್ದರು. ಅವರಲ್ಲಿ ಒಬ್ಬಳಿಗೆ ರಜೆ ಸಿಗದೆ ಅವಳು ಹಿಂದೆ ಸರಿದಳು. ಶುಕ್ರವಾರದ ಫೋನಿನಲ್ಲಿ ಮಗಳು ಇದನ್ನೆಲ್ಲ ಹೇಳಿ, ಮಾತಿಗೊಂದು ಮಾತು ಎನ್ನುವ ಹಾಗೆ, "ನೀನು ಬರ್ತೀಯಾ ಅಮ್ಮ?" ಎಂದಳು.

"ಬರ್ತೇನೆ" ಎಂದೆ.

ಉತ್ತರ ಇಷ್ಟು ಬೇಗ ಬಂದೀತೆಂದು ಅವಳು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

ನನಗೆ ಮರುಭೂಮಿಯ ಹುಚ್ಚೇನೂ ಇಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಕತಾರಿನಲ್ಲಿದ್ದೇನೆ, ಮರಳನ್ನು ಬಾಲ್ಕನಿಯಿಂದ ಗುಡಿಸಿದ್ದೇ ಹೆಚ್ಚು. ನನಗೆ ಬೇಕಾಗಿದ್ದದ್ದು ಮಗಳು. ಆರು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಶುಕ್ರವಾರದ ಹತ್ತು ನಿಮಿಷ. ಊಟ ಆಯಿತಾ, ಚಳಿ ಉಂಟಾ, ಕೆಲಸ ಹೇಗುಂಟು. ಏಳನೆಯ ನಿಮಿಷಕ್ಕೆ ಇಬ್ಬರಲ್ಲಿ ಒಬ್ಬರಿಗೆ ಸಿಟ್ಟು ಬರುತ್ತದೆ, ಹೆಚ್ಚಾಗಿ ನನಗೇ. ಎಂಟನೆಯ ನಿಮಿಷಕ್ಕೆ ಫೋನು ಅಪ್ಪನ ಕೈಗೆ ಹೋಗುತ್ತದೆ. ಅಂಥವಳು ತಾನಾಗಿ ಕರೆದಿದ್ದಳು. ಆರು ದಿನ ಅವಳ ಪಕ್ಕದಲ್ಲಿ ನಡೆಯಲು ಸಿಗುತ್ತದೆ ಎಂದರೆ ನಾನು ಚಂದ್ರಲೋಕಕ್ಕೂ ಹೊರಟೇನು.

ಮುಂದಿನ ಶುಕ್ರವಾರ ಅವಳು ಷರತ್ತುಗಳೊಂದಿಗೆ ಬಂದಳು. ನಮ್ಮ ಮನೆಮಾತು ತುಳು. ಮಗಳದ್ದು ಅರ್ಧ ತುಳು, ಅರ್ಧ ಇಂಗ್ಲಿಷು. ಓದುವವರ ಅನುಕೂಲಕ್ಕೆ ನಾನು ಎಲ್ಲವನ್ನೂ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ.

"ಅಮ್ಮ, ಬೇಜಾರು ಮಾಡ್ಬೇಡ, ಒಂದು ಟೆಸ್ಟ್ ಬೇಕು. ಅಲ್ಲೇ ಕತಾರಲ್ಲಿ ಎರಡು ದಿನ ಡೆಸರ್ಟಲ್ಲಿ ನಡಿ. ನಿನ್ನ ಬ್ಯಾಗ್ ನೀನೇ ಹೊರ್ಬೇಕು. ಗಾಡಿ ಹತ್ಲಿಕ್ಕಿಲ್ಲ. ಫೋನಲ್ಲಿ ಮ್ಯಾಪ್ ನೋಡ್ಲಿಕ್ಕಿಲ್ಲ, ಯಾಕಂದ್ರೆ ನಾವು ಹೋಗುವಲ್ಲಿ ನೆಟ್‌ವರ್ಕ್ ಇಲ್ಲ."

"ಆಯ್ತು."

"ಇನ್ನೊಂದುಂಟು. ದಾರಿ ತಪ್ಪಿದ್ರೆ ತಪ್ಪಿತು ಅಂತ ಹೇಳ್ಬೇಕು. ಅಲ್ಲೇ ನಿಂತು, ಫೋನ್ ಆನ್ ಮಾಡಿ, ನಂಗೆ ಹೇಳ್ಬೇಕು."

"ಅದೆಂತ ಕಂಡಿಶನ್?"

"ನಿನ್ನ ಕಾಲಿನ ಬಗ್ಗೆ ನಂಗೆ ಹೆದರಿಕೆ ಇಲ್ಲ ಅಮ್ಮ. ನೀನು ಯಾವತ್ತಾದ್ರೂ 'ನಂದು ತಪ್ಪಾಯ್ತು' ಅಂದದ್ದುಂಟಾ? ಅಲ್ಲಿ ಒಬ್ರು ದಾರಿ ತಪ್ಪಿ, ಸರಿಯೇ ಉಂಟು ಅಂತ ನಡೀತಾ ಹೋದ್ರೆ ಐದು ಜನರಿಗೂ ಡೇಂಜರ್. ಪಾಸಾದ್ರೆ ಹೇಳು, ನಾನು ಇಲ್ಲಿ ನಿಂಗೆ ಒಳ್ಳೆ ಬೂಟ್ ತಗೊಂಡಿಡ್ತೇನೆ. ಇಲ್ಲದಿದ್ರೆ ಬೇರೆ ಯಾರನ್ನಾದ್ರೂ ಕರೀತೇವೆ."

ಹೆತ್ತ ತಾಯಿಗೆ ಹೀಗೆ ಹೇಳುವುದೆಂದರೆ. ಫೋನಿಟ್ಟ ಮೇಲೂ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಅಡುಗೆಮನೆಯಲ್ಲಿ ಮೀನು ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಿದ್ದ ಇವರು ತಲೆ ಎತ್ತದೆ, "ಮೊದಲಿನದ್ದರಲ್ಲೆಲ್ಲ ನೀನು ಪಾಸು. ಕೊನೆಯದ್ದು ಸ್ವಲ್ಪ ಕಷ್ಟ ಉಂಟು ಮಾರಾಯ್ತಿ" ಎಂದರು. ನಾನು ಆ ದಿನದ ಸಾರಿಗೆ ಖಾರ ಕೈತುಂಬ ಹಾಕಿದೆ.

ನನ್ನ ಸ್ವಭಾವ ಹೀಗಾಗಿರುವುದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣವಿರಬಹುದು. ವೆಸ್ಟ್ ಬೇಯ ಒಂದು ಕಟ್ಟಡದ ಹತ್ತೊಂಬತ್ತನೆಯ ಮಹಡಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ನಕ್ಷೆಗಳಿಗೆ ನಂಬರು ಸರಿಯಿದೆಯೇ, ತಾರೀಕು ಸರಿಯಿದೆಯೇ, ಸಹಿ ಬಿದ್ದಿದೆಯೇ ಎಂದು ನೋಡುವುದು, ಹೊಸ ನಕ್ಷೆ ಬಂದ ಕೂಡಲೇ ಹಳೆಯದರ ಮೇಲೆ ರದ್ದು ಎಂದು ಮೊಹರು ಹೊಡೆಯುವುದು. ದೊಡ್ಡ ದೊಡ್ಡ ಪದವಿಯವರು ನನ್ನ ಮೇಜಿನ ಮುಂದೆ ನಿಂತು, "ಸಾರಿ, ನನ್ನ ಗಮನಕ್ಕೆ ಬರಲಿಲ್ಲ" ಎನ್ನುತ್ತಾರೆ. ದಿನಕ್ಕೆ ಎಂಟು ಗಂಟೆ ಬೇರೆಯವರ ತಪ್ಪು ಹಿಡಿಯುವವಳಿಗೆ ತನ್ನದನ್ನು ನೋಡಲು ಪುರುಸೊತ್ತು ಸಿಗುವುದಿಲ್ಲ.

ಮಗಳು ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿದಳೆಂದು ನನಗೆ ಗೊತ್ತಿತ್ತು. ಅವಳು ಎರಡನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಒಂದು ಚಿತ್ರ ಬರೆದು ತರಲು ಹೇಳಿದ್ದರು. ನಿಮ್ಮ ಊರಿನ ಬೆಳಗು. ಅವಳು ಉದ್ದಕ್ಕೆ ನೀಲಿ ಕಡಲು ಬರೆದು, ಒಂದು ಹಾಯಿದೋಣಿ ಬರೆದು, ನೀರಿನಿಂದ ಅರ್ಧ ಮೇಲೆ ಬಂದ ಹಳದಿ ಸೂರ್ಯನನ್ನು ಬರೆದಿದ್ದಳು. ನಾನು ಸೌಟು ಹಿಡಿದುಕೊಂಡೇ ಬಂದು ನೋಡಿದೆ. "ಎಂತದಿದು? ಸೂರ್ಯ ಕಡಲಲ್ಲಿ ಮುಳುಗುವುದು, ಹುಟ್ಟುವುದು ಗುಡ್ಡದ ಹಿಂದಿನಿಂದ" ಎಂದು ರಬ್ಬರಿನಿಂದ ಉಜ್ಜಿ, ನಾನೇ ಎರಡು ಗುಡ್ಡ, ನಡುವೆ ಒಂದು ಸೂರ್ಯ, ಬದಿಗೆ ತೆಂಗಿನಮರ ಬರೆದುಕೊಟ್ಟೆ. ಟೀಚರು ಅದರ ಮೇಲೆ ಕೆಂಪು ಗೆರೆ ಎಳೆದು, ದೋಹಾದಲ್ಲಿ ಗುಡ್ಡ ಎಲ್ಲಿದೆ ಎಂದು ಬರೆದು ಕಳುಹಿಸಿದರು. ನಾನು ಅಷ್ಟಕ್ಕೆ ಬಿಡುವವಳೇ? ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ಕಾಲು ಗಂಟೆ ವಾದ ಮಾಡಿದೆ. ಮಗಳು ನೀರಿನ ಬಾಟಲಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

ಅವಳು ಬರೆದದ್ದೇ ಸರಿ ಇತ್ತು. ದೋಹಾಕ್ಕೆ ಕಡಲು ಇರುವುದು ಪೂರ್ವಕ್ಕೆ. ಇಲ್ಲಿ ಹುಟ್ಟಿದ ಮಗು ತಾನು ಕಂಡದ್ದನ್ನು ಬರೆದಿತ್ತು. ನಾನು ಉಡುಪಿಯ ಕಡೆಯ ಕಡಲ ಕರೆಯವಳು, ಅಂದರೆ ದಂಡೆಯವಳು. ತುಳುವಿನಲ್ಲಿ ಪಶ್ಚಿಮಕ್ಕೆ ಪಡ್ಡಾಯಿ, ಪೂರ್ವಕ್ಕೆ ಮೂಡಾಯಿ; ನಮಗೆ ಪಡ್ಡಾಯಿ ಎಂದರೆ ಕಡಲು, ಮೂಡಾಯಿ ಎಂದರೆ ಗುಡ್ಡ. ನಮ್ಮಲ್ಲಿ ಎಡ ಬಲ ಎನ್ನುವ ಮಾತೇ ಕಡಿಮೆ. ಉಪ್ಪಿನ ಭರಣಿ ಪಡುಬದಿಯ ಹಲಗೆಯಲ್ಲಿರುತ್ತದೆ, ನೆಂಟರು ಮೂಡುಬದಿಯ ಕೋಣೆಯಲ್ಲಿ ಮಲಗುತ್ತಾರೆ. ಬಿನ್ ಒಮ್ರಾನ್‌ನ ಮನೆಯಲ್ಲೂ ನಾನು ಹಾಗೆಯೇ ಹೇಳುತ್ತೇನೆ, ಅದೂ ಊರಿನ ಲೆಕ್ಕದಲ್ಲೇ, ಕಡಲಿದ್ದ ಕಡೆ ಪಡು. ಇವರಿಗೂ ಅದೇ ಅಭ್ಯಾಸ, ಹಾಗಾಗಿ ನಮ್ಮಲ್ಲಿ ಯಾರೂ ಭರಣಿ ಹುಡುಕುತ್ತಾ ಕೂರಲಿಲ್ಲ. ಟೀಚರು ಹೇಳಿದ್ದು ಸರಿ ಎಂದು ನನಗೆ ಆ ವರ್ಷವೇ, ಒಂದು ರಜಾದಿನ ಬೆಳಗ್ಗೆ ಕಡಲ ಬದಿಯ ಕಾರ್ನಿಶ್ ರಸ್ತೆಯಲ್ಲಿ ಹೋಗುವಾಗ, ಕಣ್ಣಾರೆ ಗೊತ್ತಾಗಿತ್ತು. ಹಿಂದಿನ ಸೀಟಿನಲ್ಲಿ ಮಗಳು ಎಚ್ಚರವಾಗಿದ್ದಳು. ನಾನು ಏನೂ ಹೇಳಲಿಲ್ಲ. ಹದಿನೇಳು ವರ್ಷವಾಯಿತು.

ಇರಲಿ. ಮಗಳು ತರಬೇಕಾದ ಸಾಮಾನುಗಳ ಪಟ್ಟಿ ಕಳುಹಿಸಿದಳು. ನಾನು ಅದಕ್ಕೊಂದು ನಂಬರು ಕೊಟ್ಟು, ಮುದ್ರಿಸಿ, ಕೆಂಪು ಪೆನ್ನು ಹಿಡಿದು ಕುಳಿತೆ. ನೀರು, ಟೋಪಿ, ಟಾರ್ಚು, ಬ್ಯಾಂಡೇಜು, ಎಲ್ಲದಕ್ಕೂ ಟಿಕ್ಕು. ಏಳನೆಯದು ಕಂಪಾಸ್. ಜಾಗ ಯಾವುದೆಂದು ಆಗಲೇ ಗೊತ್ತುಮಾಡಿದ್ದೆವು. ಪಶ್ಚಿಮ ತೀರದ ಝಿಕ್ರೀತ್, ಉತ್ತರಕ್ಕೆ ಚಾಚಿಕೊಂಡ ನೆಲ, ಪಕ್ಕದಲ್ಲೇ ಕಡಲು. ಕಣ್ಣೆದುರು ಕಡಲಿರುವಾಗ ಕಂಪಾಸ್ ಯಾಕೆ? ಅಷ್ಟೂ ದಿಕ್ಕು ಗೊತ್ತಾಗದವಳು ಕಡಲ ಕರೆಯಲ್ಲಿ ಹುಟ್ಟಿ ಎಂತ ಪ್ರಯೋಜನ? ಏಳನೆಯದಕ್ಕೆ ಅಡ್ಡಗೆರೆ ಎಳೆದೆ.

ಶೂ ಅಂಗಡಿಯಲ್ಲೂ ಇದೇ ಕಥೆ. ಫಿಲಿಪೈನ್ಸ್‌ನ ಹುಡುಗಿ ನನ್ನ ಪಾದ ಅಳೆದು, ತುಂಬಾ ನಡೆದರೆ ಕಾಲು ಊದುತ್ತದೆ, ಮೇಡಂ ನಲವತ್ತು ತೆಗೆದುಕೊಳ್ಳಲಿ ಎಂದಳು. ಮದುವೆಯಾದಂದಿನಿಂದ ನನ್ನದು ಮೂವತ್ತೆಂಟು ಎಂದೆ. ಅವಳು ಬಹಳ ವಿನಯದಿಂದ ಮೂವತ್ತೆಂಟನ್ನೇ ಕಟ್ಟಿಕೊಟ್ಟಳು.

ಇವರು ಜೊತೆಗೆ ಹೊರಟದ್ದು ಮಗಳ ಷರತ್ತಿನಿಂದಲ್ಲ, ನನ್ನನ್ನು ಒಬ್ಬಳೇ ಬಿಟ್ಟರೆ ಒಂಟೆಗಳಿಗೂ ಬುದ್ಧಿ ಹೇಳಲು ಹೋದೇನು ಎಂಬ ಭಯದಿಂದ. ಇವರು ಸನಯ್ಯದಲ್ಲಿ, ಅಂದರೆ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ, ಕಬ್ಬಿಣದ ಗೇಟು ಶೆಡ್ಡು ಮಾಡುವ ವರ್ಕ್‌ಶಾಪಿನ ಫೋರ್‌ಮನ್. ತಗಡಿನ ಚೂರುಗಳಿಂದ ಅಂಗೈಯಗಲದ ಒಂದು ಒಲೆ ಮಾಡಿಕೊಂಡು ಬಂದರು. ಚಹಾಪುಡಿ, ಸಕ್ಕರೆ, ಒಣಮೀನಿನ ಚಟ್ನಿ, ಎರಡು ಕಟ್ಟು ಗರಿಗರಿ ಅಕ್ಕಿರೊಟ್ಟಿ. ಊರಿನಲ್ಲಿ ಕೋಳಿಸಾರಿನೊಂದಿಗೆ ತಿನ್ನುವ ಆ ರೊಟ್ಟಿಗೆ ತೂಕವಿಲ್ಲ, ಕೆಡುವುದೂ ಇಲ್ಲ. ಮೇಲಿಂದ ಒಂದು ಕರಿ ಕೊಡೆ. ಮರುಭೂಮಿಗೆ ಕೊಡೆಯೇ ಎಂದು ಕೇಳಿದೆ. ಮಳೆಗೆ ಮಾತ್ರ ಕೊಡೆ ಎಂದು ಯಾರು ಹೇಳಿದ್ದು ಎಂದರು.

ಐನ್ ಖಾಲಿದ್‌ನಲ್ಲಿರುವ ನಮ್ಮೂರಿನವರೊಬ್ಬರು ಶುಕ್ರವಾರ ಬೆಳಗ್ಗೆ ನಮ್ಮನ್ನು ಕಾರಿನಲ್ಲಿ ಕರೆದೊಯ್ದು, ಡಾಂಬರು ಮುಗಿಯುವಲ್ಲಿ ಇಳಿಸಿದರು. ಶನಿವಾರ ಮಧ್ಯಾಹ್ನ ಇದೇ ಜಾಗಕ್ಕೆ ಬರುವುದಾಗಿ ಹೇಳಿ, ನಮ್ಮ ಚೀಲಗಳನ್ನೂ ಕೊಡೆಯನ್ನೂ ಒಮ್ಮೆ ನೋಡಿ, ತಲೆ ಅಲ್ಲಾಡಿಸಿ ಹೊರಟರು. ಕಾರು ಧೂಳೆಬ್ಬಿಸಿಕೊಂಡು ಮರೆಯಾಯಿತು. ನಾನು ಫೋನು ಆರಿಸಿ ಚೀಲದ ತಳಕ್ಕೆ ಹಾಕಿದೆ.

ಮರುಭೂಮಿ ಎಂದರೆ ನನ್ನ ತಲೆಯಲ್ಲಿ ಕ್ಯಾಲೆಂಡರಿನ ಮರಳು ದಿಬ್ಬಗಳಿದ್ದವು. ಇಲ್ಲಿ ಅದೇನೂ ಇಲ್ಲ. ಸುಣ್ಣದ ಬಣ್ಣದ ಗಟ್ಟಿ ನೆಲ, ಚಪ್ಪಟೆ ಕಲ್ಲು, ಅಲ್ಲಲ್ಲಿ ಮೊಣಕಾಲೆತ್ತರದ ಮುಳ್ಳಿನ ಗಿಡ, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಗಾಳಿ ಕೊರೆದು ಕೊರೆದು ಬುಡ ಸಣ್ಣಗಾದ, ತಲೆ ಅಗಲವಾದ ಅಣಬೆಯಂಥ ಬಂಡೆಗಳು. ದಾರಿಯಲ್ಲಿ ಒಂದು ಕಡೆ ಬಯಲಿನ ಮಧ್ಯೆ ನಾಲ್ಕು ಉಕ್ಕಿನ ಹಲಗೆಗಳನ್ನು ಮನೆಗಳಿಗಿಂತ ಎತ್ತರಕ್ಕೆ ನಿಲ್ಲಿಸಿದ್ದಾರೆ, ಕಲಾಕೃತಿಯಂತೆ. ಇವರು ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಇಷ್ಟು ದಪ್ಪದ ಪ್ಲೇಟು ನಮ್ಮ ಕ್ರೇನಲ್ಲಿ ಏಳ್ಲಿಕ್ಕಿಲ್ಲ" ಎಂದರು. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ನಲವತ್ತು ವರ್ಷ ಕಬ್ಬಿಣದ ಜೊತೆ ಬದುಕಿದ ಮನುಷ್ಯ ಅಷ್ಟು ಖುಷಿಯಲ್ಲಿರುವುದನ್ನು ಕಂಡು ನಾನೂ ಅವಸರ ಮಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಡೇರೆ ಸಿಕ್ಕಿತು. ಚಳಿಗಾಲದಲ್ಲಿ ಇಲ್ಲಿಯ ಜನ ಮನೆಮಂದಿಯೊಂದಿಗೆ ಬಯಲಿಗೆ ಬಂದು ವಾರಗಟ್ಟಲೆ ಡೇರೆ ಹಾಕಿಕೊಂಡಿರುತ್ತಾರೆ. ಹೊರಗೆ ಚಾಪೆಯ ಮೇಲೆ ಕುಳಿತಿದ್ದ ಹಿರಿಯ ಕತಾರಿಯೊಬ್ಬರು ನಮ್ಮನ್ನು ಕಂಡು ಎದ್ದೇ ನಿಂತರು.

"ಗಾಡಿ ಖರಾಬ್?" ಎಂದರು, ಇಲ್ಲಿಯ ಹಿಂದಿಯಲ್ಲಿ.

"ಗಾಡಿ ಮಾಫಿ" ಎಂದೆ, ನಮ್ಮ ಅರಬಿಯಲ್ಲಿ. ಗಾಡಿಯೇ ಇಲ್ಲ.

ಅವರಿಗೆ ಅದು ಅರ್ಥವಾಗಲಿಲ್ಲ. ಗಾಡಿ ಇಲ್ಲದೆ ಒಬ್ಬ ಹೆಂಗಸು ಇಲ್ಲಿಗೆ ಹೇಗೆ ಬಂದಳು? ಗಂಡ ಕೊಡೆ ಹಿಡಿದು ಯಾಕೆ ನಿಂತಿದ್ದಾನೆ? ಕೂರಿಸಿ, ಖರ್ಜೂರ ಕೊಟ್ಟು, ಸಣ್ಣ ಬಟ್ಟಲಿನಲ್ಲಿ ಏಲಕ್ಕಿ ಕಾಫಿ ಕೊಟ್ಟರು. ಬಟ್ಟಲು ಅಲ್ಲಾಡಿಸಿದರೆ ಮಾತ್ರ ಸಾಕು ಎಂದರ್ಥ. ಇವರು ಗೌರವದಿಂದ ಗಟ್ಟಿಯಾಗಿ ಹಿಡಿದುಕೊಂಡು ಆರು ಬಟ್ಟಲು ಕುಡಿದರು. ಆಮೇಲೆ ಆ ಹಿರಿಯರು ತಮ್ಮ ದೊಡ್ಡ ಗಾಡಿಯ ಬಾಗಿಲು ತೆರೆದು, "ಯಲ್ಲಾ, ದೋಹಾ" ಎಂದರು. ಮಗಳು, ಪರೀಕ್ಷೆ, ಆಸ್ಟ್ರೇಲಿಯಾ, ಎಲ್ಲವನ್ನೂ ನಾನು ಕೈಸನ್ನೆಯಲ್ಲಿ ವಿವರಿಸಿದೆ. ಅವರು ಬಹಳ ಹೊತ್ತು ಇವರನ್ನು ಕನಿಕರದಿಂದ ನೋಡಿದರು.

ಹೊರಡುವಾಗ ಅವರು ಎರಡೂ ಅಂಗೈಗಳನ್ನು ಹತ್ತಿರ ಹತ್ತಿರ ಹಿಡಿದು, ಒಂದನ್ನು ತೋರಿಸಿ "ಇದರ್ ಬಹರ್", ಇನ್ನೊಂದನ್ನು ತೋರಿಸಿ "ಉದರ್ ಬಹರ್" ಎಂದರು. ನಾನು ಹೂಂಗುಟ್ಟಿ ನಡೆದೆ.

"ಎಂತ ಹೇಳಿದ್ದು ಅವರು?" ಎಂದು ಇವರು ಕೇಳಿದರು.

"ಬಹರ್ ಅಂದ್ರೆ ಕಡಲಲ್ವಾ, ಕಡಲುಂಟು ಅಂತ. ನಮಗೆ ಕಣ್ಣಿಲ್ವಾ?"

ಸಂಜೆಗೆ ತೀರದಿಂದ ಸ್ವಲ್ಪ ಒಳಗೆ, ಗಾಳಿಗೆ ಮರೆಯಾಗಿ, ಒಂದು ಅಣಬೆ ಬಂಡೆಯ ಬುಡದಲ್ಲಿ ಚೀಲ ಇಳಿಸಿದೆವು. ಕಡಲಿಗೆ ಹತ್ತು ನಿಮಿಷದ ದಾರಿ. ಹೋಗಿ ಕುಳಿತೆವು. ಸೂರ್ಯ ಕಡಲಿನಲ್ಲಿ ಮುಳುಗಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಈ ದೇಶದಲ್ಲಿ ನಾನು ಅದನ್ನು ಕಂಡದ್ದು ಅದೇ ಮೊದಲು. ನೀರು ಊರಿನ ನೀರಿನ ಹಾಗೆಯೇ ಕೆಂಪಾಯಿತು, ಎದುರಿಗೆ ಪಡು, ಬೆನ್ನಿಗೆ ಮೂಡು, ಎಲ್ಲ ಇರಬೇಕಾದಲ್ಲೇ ಇತ್ತು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ಇವರು ರೊಟ್ಟಿ ಮುರಿಯುತ್ತಾ, "ಈಗಲಾದರೂ ಸೂರ್ಯ ನಿನ್ನ ಮಾತು ಕೇಳಿದ" ಎಂದರು. ಕಾಲಿನ ಹೆಬ್ಬೆರಳು ಎರಡೂ ಉರಿಯುತ್ತಿದ್ದವು. ಶೂ ಬಿಚ್ಚುವಾಗ ನಾನು ಆ ಕಡೆ ತಿರುಗಿ ಕುಳಿತೆ. ಮಗಳಿಗೆ ಒಪ್ಪಿಕೊಂಡಿದ್ದ ಹಾಗೆ ಒಮ್ಮೆ ಫೋನು ಹಚ್ಚಿ, ಮೊದಲನೆಯ ದಿನ ಪಾಸು ಎಂದು ಸಂದೇಶ ಕಳುಹಿಸಿ, ಪುನಃ ಆರಿಸಿದೆ.

ಬೆಳಗ್ಗೆ ಎದ್ದರೆ ಲೋಕವೇ ಇರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ಕೆಲವು ದಿನ ಹೀಗೆ ಮಂಜು ಬೀಳುತ್ತದೆ. ನಮ್ಮ ಬಂಡೆಯ ತಲೆ ಕಾಣುತ್ತಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತ ಇವರು ಕೊಡೆಯಿಂದಾಗಿ ಗುರುತು ಸಿಗುತ್ತಿದ್ದರು.

"ಮಂಜು ಹೋಗ್ಲಿ, ಆಮೇಲೆ ಹೋಗುವ" ಎಂದರು ಇವರು.

"ಮಧ್ಯಾಹ್ನಕ್ಕೆ ಕಾರಿನವರು ಬಂದು ಕಾಯ್ತಾರೆ. ಕಡಲಿಗೆ ಹೋಗುವ, ಎಡಕ್ಕೆ ತಿರುಗುವ, ಕಡಲನ್ನು ಬಲಗಡೆಗೆ ಇಟ್ಕೊಂಡು ನಡೆಯುವ. ಸೀದಾ ದಕ್ಷಿಣ. ಅದರಲ್ಲಿ ತಪ್ಪಲಿಕ್ಕೆ ಎಂತ ಉಂಟು?"

ಲೆಕ್ಕ ಸರಿಯೇ ಇತ್ತು. ಹೊರಟೆವು. ಹತ್ತು ನಿಮಿಷದ ಕಡಲು ಇಪ್ಪತ್ತೈದು ನಿಮಿಷಕ್ಕೆ ಸಿಕ್ಕಿತು.

"ನಿನ್ನೆ ಇಷ್ಟು ದೂರ ಇರ್ಲಿಲ್ಲ ಅಲ್ವಾ?" ಎಂದರು.

"ಮಂಜಲ್ಲಿ ಹೆಜ್ಜೆ ನಿಧಾನ ಆಗ್ತದೆ ಮಾರಾಯ್ರೆ."

"ನೀರು ಭಾರೀ ಸುಮ್ನೆ ಉಂಟಲ್ಲ. ನಿನ್ನೆ ತೆರೆ ಇತ್ತು."

"ಇವತ್ತು ಗಾಳಿ ಇಲ್ಲ."

"ಈ ಕೆಸರು ನಿನ್ನೆ ನಾನು ನೋಡ್ಲಿಲ್ಲ."

"ಇಳಿತ ಇರ್ಬೇಕು."

ಅವರ ಒಂದೊಂದು ಸಂಶಯಕ್ಕೂ ನನ್ನ ಬಳಿ ಒಂದೊಂದು ಉತ್ತರ ಸಿದ್ಧವಿತ್ತು. ಆಫೀಸಿನಲ್ಲಿ ಕಿರಿಯ ಎಂಜಿನಿಯರುಗಳನ್ನು ಹೀಗೆಯೇ ವಾಪಸ್ಸು ಕಳುಹಿಸುವುದು. ನಾವು ಒಂದೂವರೆ ಗಂಟೆ ನಡೆದೆವು. ಕಡಲು ಬಲಗಡೆಗಿತ್ತು. ಕಾಲು ಉರಿಯುತ್ತಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಮಧ್ಯಾಹ್ನ ಮಗಳಿಗೆ ಹೇಗೆ ಹೇಳುವುದು, ಮೊದಲು ಯಾವ ಮಾತು ಎಂದು ನಾನು ಮನಸ್ಸಿನಲ್ಲೇ ಸಿದ್ಧಮಾಡಿಕೊಳ್ಳುತ್ತಿದ್ದೆ.

ಆಗ ಎದುರಿಗೂ ನೀರು ಬಂತು.

ಬಲಗಡೆಗೆ ನೀರು, ಎದುರಿಗೆ ನೀರು, ನೆಲ ಅಲ್ಲಿಗೆ ಮುಗಿದಿತ್ತು. ನಮ್ಮ ಊರಿನ ಕಡಲು ಹೀಗೆ ಅಡ್ಡ ಬಂದು ನಿಲ್ಲುವುದಿಲ್ಲ, ಅದು ಕಾಸರಗೋಡಿನಿಂದ ಕಾರವಾರದವರೆಗೆ ಒಂದೇ ಬದಿಗೆ ಇರುತ್ತದೆ. ನಾನು ಏನಾದರೂ ಉತ್ತರ ಹುಡುಕುವುದರೊಳಗೆ ಮಂಜು ತೆಳುವಾಗತೊಡಗಿತು. ಬಲಗಡೆಯ ನೀರಿನ ಮೇಲೆ, ಸ್ವಲ್ಪ ಎತ್ತರದಲ್ಲಿ, ಹಳದಿಯಾಗಿ ಏನೋ ಕಾಣಿಸಿತು. ಕಣ್ಣು ಕಿರಿದು ಮಾಡದೆ ನೋಡಬಹುದಾದಂಥ ಸೂರ್ಯ. ನಾನು ಕೈಗಡಿಯಾರ ನೋಡಿದೆ. ಏಳೂ ಮುಕ್ಕಾಲು. ಗಡಿಯಾರ ಕೆಟ್ಟಿದೆ ಎಂದೇ ನನಗೆ ಮೊದಲು ತೋಚಿದ್ದು, ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಗಡಿಯಾರ ಸರಿಯಿತ್ತು. ಆ ಹಿರಿಯರು ಎರಡು ಅಂಗೈ ಹಿಡಿದು ಹೇಳಿದ್ದು ಆಗ ಅರ್ಥವಾಯಿತು. ನಾವು ನಿಂತ ನೆಲಕ್ಕೆ ಎರಡೂ ಬದಿಗೆ ಕಡಲು. ಮಂಜಿನಲ್ಲಿ ಪಡುಬದಿಗೆ ಹೋಗುವ ಬದಲು ಮೂಡುಬದಿಯ ನೀರಿಗೆ ಹೋಗಿದ್ದೆವು, ಅಲ್ಲಿ ಎಡಕ್ಕೆ ತಿರುಗಿ, ಕಡಲನ್ನು ಬಲಗಡೆಗೆ ಇಟ್ಟುಕೊಂಡು, ದಕ್ಷಿಣವೆಂದು ಉತ್ತರಕ್ಕೆ ನಡೆದಿದ್ದೆವು. ಕತಾರಿನಲ್ಲಿ ಬೇರೆ ಯಾವ ಊರಿನವರೂ ಈ ತಪ್ಪು ಮಾಡುತ್ತಿರಲಿಲ್ಲ. ಬಿಜಾಪುರದವರಾಗಿದ್ದರೆ ಕಂಪಾಸ್ ತರುತ್ತಿದ್ದರು.

ಒಂದು ಕಲ್ಲಿನ ಮೇಲೆ ಕುಳಿತೆ. ಎದುರಿಗೆ ಉದ್ದಕ್ಕೆ ನೀಲಿ ನೀರು, ಅದರ ಮೇಲೆ ಹಳದಿ ಸೂರ್ಯ. ಹಾಯಿದೋಣಿ ಒಂದೇ ಇರಲಿಲ್ಲ.

ಇವರು ಕೊಡೆ ಮಡಚಿಟ್ಟು, ತಮ್ಮ ಒಲೆ ತೆಗೆದು, ಚಹಾಕ್ಕೆ ನೀರಿಟ್ಟರು. ನೀರು ಕುದಿದ ಮೇಲೆ ಮೆತ್ತಗೆ, "ಈಗ ತಿರುಗಿ ನಡೆದ್ರೆ ಸ್ವಲ್ಪ ತಡವಾದ್ರೂ ಮುಟ್ತೇವೆ. ಗಾಡಿ ಹತ್ಲಿಲ್ಲ, ಮ್ಯಾಪ್ ನೋಡ್ಲಿಲ್ಲ" ಎಂದರು. ಲೋಟ ಕೊಡುತ್ತಾ, "ನಾನಂತೂ ಯಾರ ಹತ್ರವೂ ಹೇಳುವುದಿಲ್ಲ" ಎಂದು ಸೇರಿಸಿದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಎಷ್ಟು ಆಸೆಯಿಂದ ಆ ಅಕ್ಕಿ ಹೊತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ನನಗೂ ಅದೇ ಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಹೇಳಿದರೆ ಅವಳು ಬೇರೆ ಯಾರನ್ನಾದರೂ ಕರೆಯುತ್ತಾಳೆ. ಹೇಳದಿದ್ದರೆ ಆರು ದಿನ ಅವಳ ಪಕ್ಕದಲ್ಲಿ ನಡೆಯುತ್ತೇನೆ, ಅವಳು ಕೇಳಿದ್ದ ಒಂದೇ ಒಂದು ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು. ಚಹಾ ಅರ್ಧ ಕುಡಿದೆ. ಚೀಲದ ತಳಕ್ಕೆ ಕೈಹಾಕಿ ಫೋನು ತೆಗೆದೆ. ಕಲ್ಲಿನ ಮೇಲೆ ಹತ್ತಿ ನಿಂತರೆ ಮಾತ್ರ ಸಿಗ್ನಲ್ಲು ಬರುತ್ತಿತ್ತು, ಹಾಗಾಗಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರ ಹಾಗೆ ನಿಂತೇ ಮಾತಾಡಬೇಕಾಯಿತು.

"ಅಮ್ಮ? ಎಂತಾಯ್ತು?"

"ದಾರಿ ತಪ್ಪಿತು" ಎಂದೆ.

ಅವಳು ಆಸ್ಪತ್ರೆಯಲ್ಲಿ ರೋಗಿಗಳೊಂದಿಗೆ ಮಾತಾಡುವ ದನಿ ತೆಗೆದಳು. "ಓಕೆ. ಇಬ್ರೂ ಸರಿ ಇದ್ದೀರಾ? ನೀರುಂಟಾ?"

"ಉಂಟು. ಚಾ ಸಹ ಉಂಟು."

"ಹೇಗೆ ತಪ್ಪಿತು? ಕಂಪಾಸ್ ಇತ್ತಲ್ಲ?"

"ತರ್ಲಿಲ್ಲ. ನಿನ್ನ ಲಿಸ್ಟಿಂದ ನಾನೇ ಹೊಡೆದು ಹಾಕಿದ್ದು. ಕಡಲಿರುವಾಗ ಯಾಕೆ ಅಂತ. ಅಪ್ಪ ಹೇಳಿದ್ರು ಎಂತದೋ ಸರಿ ಇಲ್ಲ ಅಂತ, ನಾನು ಕೇಳ್ಲಿಲ್ಲ. ಕಡಲು ಬಲಗಡೆಗೆ ಇಟ್ಕೊಂಡು ನಡೆದೆ. ಅದು ಮೂಡುಬದಿಯ ಕಡಲು."

"ಈಗ ಸೂರ್ಯ ಎಲ್ಲುಂಟು?"

"ಕಡಲಿನ ಮೇಲೆ."

"ಗುಡ್. ಅದನ್ನು ಎಡಗಡೆಗೆ ಇಟ್ಕೊಂಡು ವಾಪಸ್..." ಎಂದವಳು ಅಲ್ಲಿಗೆ ನಿಲ್ಲಿಸಿದಳು.

ಅವಳು ಯಾಕೆ ನಿಲ್ಲಿಸಿದಳೆಂದು ನನಗೆ ಗೊತ್ತಾಯಿತು. ಕಲ್ಲಿನ ಮೇಲಿಂದ ಇಳಿದರೆ ಸಿಗ್ನಲ್ಲು ಹೋಗುತ್ತದೆ, ಒಂದು ಕ್ಷಣ ಇಳಿದುಬಿಡೋಣವೆನಿಸಿತು.

"ನಿನ್ನ ಚಿತ್ರದಲ್ಲಿದ್ದ ಹಾಗೇ ಉಂಟು" ಎಂದೆ. "ನೀನು ಬರೆದದ್ದು ಸರಿ ಇತ್ತು ಮಗಾ. ನಾನು ಉಜ್ಜಬಾರದಿತ್ತು. ಶಾಲೆಗೆ ಹೋಗಿ ಜಗಳ ಮಾಡ್ಬಾರದಿತ್ತು. ನಂದು ತಪ್ಪಾಯ್ತು."

"ನಿಂಗೆ ಅದು ನೆನಪುಂಟಾ?"

"ಉಂಟು. ನಿಂದೇ ಸರಿ ಅಂತ ಆ ವರ್ಷವೇ ಗೊತ್ತಾಗಿತ್ತು."

ಆ ಕಡೆಯಿಂದ ಒಂದು ಸದ್ದು ಬಂತು, ಅವಳು ಮೂಗೆಳೆದುಕೊಂಡದ್ದೋ ನಕ್ಕದ್ದೋ, ಅಷ್ಟು ದೂರದಿಂದ ತಿಳಿಯಲಿಲ್ಲ.

"ಅಮ್ಮ, ನಿನ್ನ ಬೂಟ್ ಸೈಜ್ ಎಷ್ಟು?"

ನಾನು ಕೆಳಗೆ ನೋಡಿದೆ. ಬಲಗಾಲಿನ ಶೂವಿನ ತುದಿ ನೆನೆದು ಕಪ್ಪಾಗಿತ್ತು, ಅದು ನೀರಿನಿಂದಲ್ಲವೆಂದು ನನಗೆ ಗೊತ್ತಿತ್ತು. ಇವರು ಚಹಾದ ಲೋಟವನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಕುಡಿಯದೆ, ನನ್ನನ್ನೇ ನೋಡುತ್ತಿದ್ದರು.

"ನಲವತ್ತು" ಎಂದೆ.